ಲೆಕ್ಕ ಒಪ್ಪಿಸುವ ಯಂತ್ರ

ನಮ್ಮ ಕಡೆ ವೈರಸ್ಸು ಬಂದದ್ದು ಇಂಟರ್ನೆಟ್ಟಿನಿಂದಲ್ಲ, ಬಸ್ಸಿನಿಂದ. ಸವದತ್ತಿಯಿಂದ ಬನದ ಹುಣ್ಣಿಮೆಯ ಹ್ಯಾಂಡ್‌ಬಿಲ್ಲಿನ ಮ್ಯಾಟರ್ ತಂದವರ ಕಿಸೆಯಲ್ಲಿ, ರಾಮದುರ್ಗದ ಮಾಸ್ತರರು ಪ್ರಶ್ನೆಪತ್ರಿಕೆ ತುಂಬಿಕೊಂಡು ಬಂದ ಪೆನ್‌ಡ್ರೈವಿನಲ್ಲಿ, ಕಿತ್ತೂರಿನ ಕಾಲೇಜು ಹುಡುಗಿಯರ ಪ್ರಾಜೆಕ್ಟ್ ವರದಿಯ ಬೆನ್ನಿಗೆ ಅಂಟಿಕೊಂಡು ಅದು ಬೈಲಹೊಂಗಲದ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುತ್ತಿತ್ತು. ಬಜಾರದ ನನ್ನ ಅಂಗಡಿಗೆ ಬಂದು, ಅಲ್ಲಿಂದ ಇನ್ನೊಬ್ಬರ ಪೆನ್‌ಡ್ರೈವ್ ಹತ್ತಿ ಮತ್ತೊಂದು ಊರಿಗೆ ಹೋಗುತ್ತಿತ್ತು. ನಾಲ್ಕೂ ಊರಿನ ಝೆರಾಕ್ಸ್, ಡಿಟಿಪಿ ಅಂಗಡಿಗಳು ಈ ಹಾದಿಯಲ್ಲಿ ಒಂದಕ್ಕೊಂದು ಕೂಡಿಕೊಂಡಿದ್ದವು.

ಆಗಿನ ವೈರಸ್ಸಿನ ಕೆಲಸ ಹೀಗಿತ್ತು. ಪೆನ್‌ಡ್ರೈವ್ ತೆರೆದರೆ ಒಳಗಿನ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿರುತ್ತಿದ್ದವು. ನಿಜವಾದ ಫೋಲ್ಡರ್ ಅಲ್ಲೇ ಇರುತ್ತಿತ್ತು, ಕಣ್ಣಿಗೆ ಮಾತ್ರ ಕಾಣುತ್ತಿರಲಿಲ್ಲ. ಗಿರಾಕಿ ತನ್ನದೇ ಫೋಲ್ಡರೆಂದು ಒತ್ತಿದಾಗ ಮೊದಲು ವೈರಸ್ಸು ಓಡಿ ಯಂತ್ರದೊಳಗೆ ಠಾವು ಹಿಡಿದು, ಆಮೇಲೆ ಫೋಲ್ಡರ್ ತೆರೆದು ತೋರಿಸುತ್ತಿತ್ತು. ಕೆಲಸ ಆಗಿಬಿಡುತ್ತಿದ್ದುದರಿಂದ ಯಾರಿಗೂ ಸಂಶಯ ಬರುತ್ತಿರಲಿಲ್ಲ.

ನನ್ನ ಅಂಗಡಿ ಶುರುವಾದದ್ದು 2008ರಲ್ಲಿ. ಹುಬ್ಬಳ್ಳಿಯಲ್ಲಿ ಬಿಡಿಭಾಗ ಕೊಂಡು ಜೋಡಿಸಿದ ಕೋರ್ 2 ಡ್ಯುಯೋ ಯಂತ್ರ, 2 ಜಿಬಿ ರ್ಯಾಮ್, ಒಂದು ಚಿಕ್ಕ ಲೇಸರ್ ಪ್ರಿಂಟರ್, ಒಂದು ಸ್ಕ್ಯಾನರ್. ಮೊದಮೊದಲು ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಅಡತಿ ಅಂಗಡಿಗಳ ಪಾವತಿ ಪುಸ್ತಕ ಇಷ್ಟೇ ಕೆಲಸ. ಆಮೇಲೆ ಕಾಗದಪತ್ರಗಳ ಕಾಲ ಬಂತು. ಹೊಲದ ಉತಾರ, ಆಧಾರ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ಕು, ಜಾತಿ ಪ್ರಮಾಣಪತ್ರ, ಮಕ್ಕಳ ಮಾರ್ಕ್ಸ್ ಕಾರ್ಡು, ಅಣ್ಣತಮ್ಮಂದಿರ ವಾಟ್ನಿ ಪತ್ರ ಎಲ್ಲವೂ ನನ್ನ ಸ್ಕ್ಯಾನರಿನ ಗಾಜಿನ ಮೇಲೆ ಮಲಗಿ ಎದ್ದು ಹೋಗುತ್ತಿದ್ದವು. ಅವುಗಳ ನೆರಳು ಯಂತ್ರದೊಳಗೆ ಉಳಿಯುತ್ತಿತ್ತು. ಒಂದು ಮನೆತನದ ಆಸ್ತಿ ಎಷ್ಟು, ಸಾಲ ಎಷ್ಟು, ಯಾರ ಮಗಳು ಯಾವ ವಿಷಯದಲ್ಲಿ ನಪಾಸಾದಳು ಎಂಬುದು ತಲಾಠಿಗಿಂತ, ಹೆಡ್‌ಮಾಸ್ತರಿಗಿಂತ ನನ್ನ ಡಿಸ್ಕಿಗೆ ಹೆಚ್ಚು ಗೊತ್ತಿತ್ತು.

ಒಂದು ಸಲ ದೊಡವಾಡ ಕಡೆಯ ಒಬ್ಬ ಹೆಣ್ಣುಮಗಳು ವಿಧವಾ ವೇತನದ ಅರ್ಜಿಗೆ ಕಾಗದ ಸ್ಕ್ಯಾನ್ ಮಾಡಿಸಿಕೊಂಡು, ರೊಕ್ಕ ಕೊಟ್ಟು, ಹೊರಡುವ ಮುಂಚೆ ಕೇಳಿದಳು: ‘ಅಕ್ಕಾರ, ನನ್ನ ಕಾಗದಾ ಇದರೊಳಗ ಉಳಿತಾವೇನ್ರಿ? ಮತ್ತ ಯಾರರ ನೋಡತಾರೇನ್ರಿ?’ ಅಳಿಸಿ ಹಾಕುತ್ತೇನೆ ಎಂದೆ. ಅವಳು ನಂಬಿ ಹೋದಳು. ಆದರೆ ಅವಳು ಕೇಳಿದ್ದು ಅಳಿಸುತ್ತೀರಾ ಎಂದಲ್ಲ. ಈ ಯಂತ್ರದೊಳಗೆ ಈಗ ಏನೇನು ಓಡುತ್ತಿದೆ, ಯಾವುದು ಯಾವ ಕಾಗದವನ್ನು ಓದುತ್ತಿದೆ, ಎಲ್ಲಿಗೆ ಕಳಿಸುತ್ತಿದೆ ಎಂದು. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ನನ್ನಂಥ ಯಾವ ಅಂಗಡಿಯವರಲ್ಲೂ ಇರಲಿಲ್ಲ.

ನಮ್ಮ ಅಪ್ಪ ಬೈಲಹೊಂಗಲದ ಹತ್ತಿ ಪ್ಯಾಟಿಯಲ್ಲಿ ಅಡತಿ ಅಂಗಡಿಯ ದಿವಾನಜಿ ಆಗಿದ್ದವರು. ಅವರ ಕಿರ್ದಿಯಲ್ಲಿ ಅಳಿಸಿದ ಗುರುತು ಒಂದೂ ಇರುತ್ತಿರಲಿಲ್ಲ. ಅಂಕಿ ತಪ್ಪಿದರೆ ಅದರ ಮೇಲೆ ಒಂದೇ ಗೆರೆ, ಓದಲು ಬರುವ ಹಾಗೆ. ಪಕ್ಕದಲ್ಲಿ ಸರಿಯಾದ ಅಂಕಿ, ಅದರ ಪಕ್ಕ ಸಹಿ. ಬ್ಲೇಡಿನಿಂದ ಕೆರೆದು ತಿದ್ದುವ ಗುಮಾಸ್ತರನ್ನು ಅವರು ಅಂಗಡಿಯ ಮೆಟ್ಟಿಲು ಹತ್ತಿಸುತ್ತಿರಲಿಲ್ಲ. ಹತ್ತಿ ತಂದ ರೈತ ಯಾವಾಗ ಬಂದು ಕೇಳಿದರೂ ಪುಸ್ತಕ ತಿರುಗಿಸಿ ಅವನ ಮುಂದೆ ಇಡುತ್ತಿದ್ದರು. ಓದು ಬಾರದವನಿಗೆ ಬೆರಳಿಟ್ಟು ಓದಿ ಹೇಳುತ್ತಿದ್ದರು. ಆ ಹೆಣ್ಣುಮಗಳು ಹೋದ ಮೇಲೆ ನನಗೆ ಬೇಕೆನಿಸಿದ್ದು ಅಂಥದ್ದೊಂದು ಪುಸ್ತಕ: ತಿರುಗಿಸಿ ಗಿರಾಕಿಯ ಮುಂದೆ ಇಡಬಹುದಾದ ಯಂತ್ರ.

2014ರ ಏಪ್ರಿಲ್ 8ರಂದು ನನ್ನ ಯಂತ್ರದಲ್ಲಿದ್ದ ವಿಂಡೋಸ್ ಎಕ್ಸ್‌ಪಿಗೆ ಭದ್ರತೆಯ ತಿದ್ದುಪಡಿ ಬರುವುದು ನಿಂತಿತ್ತು. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಸುಲಿಗೆ ವೈರಸ್ಸು ಜಗತ್ತಿನ ಆಸ್ಪತ್ರೆ, ಕಾರ್ಖಾನೆಗಳ ಕಡತಗಳಿಗೆ ಬೀಗ ಹಾಕಿದ ಸುದ್ದಿ ನಮ್ಮ ಕನ್ನಡ ಪತ್ರಿಕೆಗಳ ಮುಖಪುಟಕ್ಕೂ ಬಂತು. ಹೊಸ ಯಂತ್ರ ಕೊಳ್ಳುವಷ್ಟು ಅಂಗಡಿ ದುಡಿಯುತ್ತಿರಲಿಲ್ಲ. ಹಳೆಯದು ಇನ್ನೂ ಗಟ್ಟಿಮುಟ್ಟಾಗಿತ್ತು.

ದಾರಿ ತೋರಿಸಿದವನು ರಾಮದುರ್ಗದ ನನ್ನ ಸೋದರತ್ತೆಯ ಮಗ. ನೇಕಾರರ ಮನೆಯ ಹುಡುಗ, ಮಗ್ಗದ ಸಪ್ಪಳದಲ್ಲೇ ಓದಿ ಬೆಂಗಳೂರಿಗೆ ಹೋಗಿ ಸರ್ವರುಗಳನ್ನು ನೋಡಿಕೊಳ್ಳುವ ಕೆಲಸ ಹಿಡಿದವನು. ಒಮ್ಮೆ ಊರಿಗೆ ಬಂದಾಗ ಮುಳ್ಳುಮೀನಿನ ಚಿತ್ರವಿದ್ದ ಸಿ.ಡಿ. ಪೆಟ್ಟಿಗೆಯೊಂದನ್ನು ತೋರಿಸಿದ್ದ. ಓಪನ್‌ಬಿಎಸ್‌ಡಿ ಎಂಬ ಕಾರ್ಯಾಚರಣ ವ್ಯವಸ್ಥೆಯ 6.0 ಆವೃತ್ತಿ, 2016ರ ಸೆಪ್ಟೆಂಬರಿನದು. ಆ ತಂಡದವರು ಸಿ.ಡಿ. ಮಾಡಿ ಮಾರಿದ್ದು ಅದೇ ಕಡೆಯದು. ‘ಲಿನಕ್ಸ್ ಅಲ್ಲ ಅಕ್ಕಾ ಇದು. ಯುನಿಕ್ಸಿನ ಇನ್ನೊಂದು ಕವಲು. ಬರ್ಕ್ಲಿ ಯುನಿವರ್ಸಿಟಿ ಕಡಿಂದ ಬಂದದ್ದು’ ಎಂದಿದ್ದ. ಆಗ ನಾನು ಚಿತ್ರ ನೋಡಿ ಸುಮ್ಮನಾಗಿದ್ದೆ.

2018ರ ಅಕ್ಟೋಬರಿನಲ್ಲಿ ಅವನು ಕಿತ್ತೂರು ಉತ್ಸವಕ್ಕೆಂದು ಬಂದ. 1824ರ ಅಕ್ಟೋಬರ್ 23ರಂದು ಚೆನ್ನಮ್ಮನ ಸೈನ್ಯ ಕಲೆಕ್ಟರ್ ಥ್ಯಾಕರೆಯನ್ನು ಕೆಡವಿದ ದಿನದ ಉತ್ಸವ ಅದು. ಜಾನಪದ ತಂಡಗಳ ಮೆರವಣಿಗೆ ನೋಡಿಕೊಂಡು, ಕೋಟೆಯೊಳಗಿನ ಅರಮನೆಯ ಮುರುಕು ಗೋಡೆಗಳ ನಡುವೆ, ಧ್ರುವ ನಕ್ಷತ್ರ ನೋಡುವ ಕಿಂಡಿಯ ಹತ್ತಿರ ಕೂತಾಗ ನಾನು ದೊಡವಾಡದ ಹೆಣ್ಣುಮಗಳ ಪ್ರಶ್ನೆ ಹೇಳಿದೆ. ಅವನ ಕಿಸೆಯಲ್ಲಿ, ವಾರದ ಹಿಂದಷ್ಟೇ ಅಂದರೆ ಅಕ್ಟೋಬರ್ 18ರಂದು ಹೊರಬಂದಿದ್ದ ಓಪನ್‌ಬಿಎಸ್‌ಡಿ 6.4 ಇತ್ತು.

ಅಲ್ಲಿ ಕೂತು ಅವನು ಹೇಳಿದ ಕಥೆ ನನಗೆ ಈಗಲೂ ಸ್ಪಷ್ಟವಾಗಿ ನೆನಪಿದೆ, ಏಕೆಂದರೆ ಕಂಪ್ಯೂಟರಿನ ಹಿಂದೆ ಇಂಥ ಮನುಷ್ಯರ ಕಥೆ ಇರಬಹುದೆಂದು ನಾನು ಎಣಿಸಿರಲಿಲ್ಲ. ಥಿಯೋ ಡಿ ರಾಡ್ಟ್ ಎಂಬಾತ ನೆಟ್‌ಬಿಎಸ್‌ಡಿ ತಂಡದಿಂದ ಹೊರಬೀಳಬೇಕಾಗಿ ಬಂದು, 1995ರ ಅಕ್ಟೋಬರಿನಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ಇದನ್ನು ಶುರುಮಾಡಿದ. ಮೂಲ ಕೋಡನ್ನು ಯಾರು ಬೇಕಾದರೂ, ಯಾವಾಗ ಬೇಕಾದರೂ, ಹೆಸರು ಹೇಳದೆ ನೋಡಬಹುದೆಂದು ಮೊದಲಿನಿಂದಲೇ ತೆರೆದಿಟ್ಟರು. ಸಾಲು ಸಾಲಾಗಿ ಓದುತ್ತ, ಒಂದು ಕಡೆ ತಪ್ಪು ಸಿಕ್ಕರೆ ಅದೇ ಜಾತಿಯ ತಪ್ಪು ಬೇರೆಲ್ಲೆಲ್ಲಿ ಅಡಗಿದೆ ಎಂದು ಇಡೀ ಕೋಡನ್ನು ಜಾಲಾಡುವುದು ಅವರ ಪದ್ಧತಿ. ದೂರದ ಸರ್ವರಿನೊಡನೆ ಗುಟ್ಟಾಗಿ ಮಾತಾಡಲು ಜಗತ್ತೆಲ್ಲ ಬಳಸುವ ಓಪನ್‌ಎಸ್‌ಎಸ್‌ಎಚ್ ಕೂಡ 1999ರಲ್ಲಿ ಇವರ ಕೈಯಿಂದಲೇ ಬಂದದ್ದು. ನನ್ನ ಸೋದರ ಬೆಂಗಳೂರಿನಲ್ಲಿ ಕೂತು ದಿನವೂ ಅದರ ಮೇಲೆಯೇ ಅನ್ನ ಉಣ್ಣುತ್ತಿದ್ದ.

ಅವನು ಹೇಳಿದ್ದರಲ್ಲಿ ಎರಡು ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿದವು. ಒಂದು: ಹಾಕಿದ ಸ್ಥಿತಿಯಲ್ಲೇ ಇಟ್ಟ ಯಂತ್ರಕ್ಕೆ ಹೊರಗಿನಿಂದ ನುಗ್ಗಬಹುದಾದ ರಂಧ್ರ ಒಂದೂ ಸಿಕ್ಕಿಲ್ಲ ಎಂದು ಅವರು ಮೊದಲು ಬರೆದುಕೊಂಡಿದ್ದರು. 2002ರಲ್ಲಿ ಓಪನ್‌ಎಸ್‌ಎಸ್‌ಎಚ್‌ನಲ್ಲಿ ಒಂದು ಸಿಕ್ಕಿತು. ಬರೆದದ್ದನ್ನು ತಿದ್ದಿ ‘ಒಂದೇ’ ಎಂದು ಬರೆದರು. 2007ರಲ್ಲಿ ಇನ್ನೊಂದು ಸಿಕ್ಕಿತು. ‘ಎರಡೇ’ ಎಂದು ಬರೆದರು. ಇವತ್ತಿಗೂ ಆ ಎರಡು ಅವರ ಹೆಸರಿನ ಕೆಳಗೇ ಇದೆ. ತನ್ನಲ್ಲಿ ಸಿಕ್ಕ ದೋಷದ ಲೆಕ್ಕವನ್ನು ಹಣೆಯ ಮೇಲೆ ಬರೆದುಕೊಳ್ಳುವ ತಂತ್ರಾಂಶ ನಾನು ಬೇರೆ ಕಂಡಿರಲಿಲ್ಲ. ಅಪ್ಪನ ಒಂದೇ ಗೆರೆ, ಪಕ್ಕದ ಸಹಿ ಕಣ್ಣ ಮುಂದೆ ಬಂತು.

ಇನ್ನೊಂದು: 2014ರ ಜನವರಿಯಲ್ಲಿ ಇವರ ಯಂತ್ರಗಳು ಕರೆಂಟ್ ಬಿಲ್ಲು ತುಂಬಲಾಗದೆ ನಿಲ್ಲುವ ಸ್ಥಿತಿಗೆ ಬಂದಿದ್ದವು. ಇಪ್ಪತ್ತು ಸಾವಿರ ಡಾಲರಿನ ಬಿಲ್ಲು. ಜಗತ್ತಿನ ಅರ್ಧ ಸರ್ವರುಗಳ ಬಾಗಿಲಿಗೆ ಬೀಗ ಮಾಡಿಕೊಟ್ಟವರ ಮನೆಯಲ್ಲಿ ದೀಪ ಆರುವ ಹೊತ್ತು. ದಾನಿಗಳು ಕೈಹಿಡಿದರು. ಮುಂದೆ ಮೂರು ತಿಂಗಳಿಗೆ ಓಪನ್‌ಎಸ್‌ಎಸ್‌ಎಲ್ ಎಂಬ ಬೇರೊಂದು ತಂತ್ರಾಂಶದಲ್ಲಿ ಹಾರ್ಟ್‌ಬ್ಲೀಡ್ ಎಂಬ ಭಾರೀ ದೋಷ ಬಯಲಾದಾಗ ಇದೇ ಬಡ ತಂಡ ಅದರ ಕೋಡನ್ನು ಕೈಗೆತ್ತಿಕೊಂಡು ಬೇಡದ ಸಾವಿರಾರು ಸಾಲು ಕಿತ್ತೆಸೆದು ಲಿಬ್ರೆಎಸ್‌ಎಸ್‌ಎಲ್ ಎಂದು ಹೊಸದಾಗಿ ಕಟ್ಟಿತು. ಕಿತ್ತುಹಾಕುವುದೂ ಕಟ್ಟುವ ಕೆಲಸವೇ ಎಂದು ನಂಬಿದವರು ಇವರು. ಬ್ಲೂಟೂತ್ ಕೋಡು ಸರಿಯಾಗಿ ಕೂಡುತ್ತಿಲ್ಲ ಎಂದಾಗ ಅದನ್ನೇ ತೆಗೆದುಬಿಟ್ಟರು. ‘ಇದರಾಗ ಅದು ಇಲ್ಲ ಇದು ಇಲ್ಲ ಅಂತ ಆಮ್ಯಾಲ ಬೈಬ್ಯಾಡಕ್ಕಾ. ಇಲ್ಲದ್ದಕ್ಕ ಇದು ಗಟ್ಟಿ’ ಎಂದ ನನ್ನ ಸೋದರ.

ದೀಪಾವಳಿಯ ಗದ್ದಲ ಮುಗಿದ ಮೇಲೆ ಹಳೆಯ ಡಿಸ್ಕಿನ ಕಡತಗಳನ್ನು ಬೇರೆಡೆ ತೆಗೆದಿಟ್ಟು ಇದನ್ನು ಹಾಕಿದೆವು. ಇಡೀ ವ್ಯವಸ್ಥೆ ಅರ್ಧ ಜಿಬಿಯೊಳಗಿನ ಒಂದೇ ಕಡತ. ಚಿತ್ರವಿಲ್ಲ, ಬಣ್ಣವಿಲ್ಲ; ಕರಿಯ ಪರದೆಯ ಮೇಲೆ ಒಂದೊಂದೇ ಪ್ರಶ್ನೆ. ಕೀಲಿಮಣೆ ಯಾವುದು, ಯಂತ್ರದ ಹೆಸರೇನು, ಗುಪ್ತಪದ ಯಾವುದು, ಕಾಲವಲಯ ಯಾವುದು. ಬಹುತೇಕ ಪ್ರಶ್ನೆಗೆ ಉತ್ತರವನ್ನೂ ಅದೇ ಸೂಚಿಸುತ್ತಿತ್ತು, ಎಂಟರ್ ಒತ್ತುತ್ತ ಹೋಗುವುದಷ್ಟೇ. ಡಿಸ್ಕನ್ನು ಅದೇ ಕೋಣೆ ಕೋಣೆಯಾಗಿ ಹಂಚಿಕೊಂಡಿತು. ಮನೆಯವರ ಕಡತಗಳಿಗೆ ಒಂದು, ತಾತ್ಕಾಲಿಕಕ್ಕೆ ಒಂದು, ದಾಖಲೆಗಳಿಗೆ ಒಂದು. ಒಂದು ತುಂಬಿ ತುಳುಕಿದರೂ ಇನ್ನೊಂದಕ್ಕೆ ತೊಂದರೆಯಿಲ್ಲ. ಚಹಾ ಕುಡಿದು ಮುಗಿಸುವುದರೊಳಗೆ ಎಲ್ಲ ಆಗಿತ್ತು.

ಯಂತ್ರ ಮತ್ತೆ ಶುರುವಾದಾಗ ಪರದೆ ನೀಲಿಯಾಯಿತು. ನೀಲಿಯ ಮೇಲೆ ಬಿಳಿ ಅಕ್ಷರಗಳು ಸರಸರನೆ ಏರಿಹೋದವು. ಬಜಾರದಲ್ಲಿ ನೀಲಿ ಪರದೆ ಎಂದರೆ ಯಂತ್ರ ಸತ್ತಿತೆಂದೇ ಅರ್ಥ. ಪಕ್ಕದ ಫೋಟೋ ಸ್ಟುಡಿಯೋದ ಕಾಕಾ ಓಡಿ ಬಂದು ‘ಹೋತೇನ್ರಿ ಬಾಯಾರ?’ ಎಂದರು. ಹೋಗಿರಲಿಲ್ಲ. ಓಪನ್‌ಬಿಎಸ್‌ಡಿ ಪ್ರತಿ ಸಲ ಏಳುವಾಗಲೂ ತನ್ನ ತಿರುಳಾದ ಕರ್ನೆಲ್ ಏನೇನು ಕಂಡಿತೆಂದು ಹೀಗೆ ನೀಲಿಯ ಮೇಲೆ ಬಿಳಿಯಲ್ಲಿ ಹೇಳುತ್ತದೆ. ಪ್ರೊಸೆಸರ್ ಇಂಥದ್ದು, ರ್ಯಾಮ್ ಇಷ್ಟು, ಡಿಸ್ಕು ಇಲ್ಲಿದೆ, ಈ ತುಂಡಿಗೆ ನನ್ನಲ್ಲಿ ಡ್ರೈವರಿಲ್ಲ. ಗೊತ್ತಿಲ್ಲದ್ದನ್ನೂ ಹೇಳುತ್ತದೆ. ನನ್ನದೇ ಯಂತ್ರದೊಳಗೆ ಏನೇನಿದೆ ಎಂದು ಹತ್ತು ವರ್ಷದ ಮೇಲೆ ಮೊದಲ ಸಲ ಪೂರ್ತಿ ಓದಿದೆ.

ಒಳಗೆ ಹೋದರೆ ಅಂಚೆಪೆಟ್ಟಿಗೆಯಲ್ಲಿ ಒಂದು ಕಾಗದ ಕಾದಿತ್ತು, ಥಿಯೋ ಡಿ ರಾಡ್ಟ್ ಹೆಸರಿನಲ್ಲಿ. ಹಾಕಿದವರಿಗೆಲ್ಲ ಬರುವ ಸ್ವಾಗತಪತ್ರ ಅದು. ಇನ್ನೊಂದು ಪುಟ, ಹಾಕಿದ ಮೇಲೆ ಏನೇನು ನೋಡಿಕೊಳ್ಳಬೇಕೆಂದು ಹೇಳುವುದು. ಇಂಥ ಪುಟಗಳು ಪ್ರತಿ ಆಜ್ಞೆಗೂ, ಪ್ರತಿ ಸೆಟ್ಟಿಂಗ್ ಕಡತಕ್ಕೂ, ಒಂದೊಂದು ಡ್ರೈವರಿಗೂ ಇವೆ, ಎಲ್ಲವೂ ಡಿಸ್ಕಿನಲ್ಲೇ. ಇದರ ಬೆಲೆ ನಮ್ಮಂಥ ಊರಿನಲ್ಲಿ ಕೂತವರಿಗೆ ಗೊತ್ತು. ಮಳೆಗಾಲದಲ್ಲಿ ನೆಟ್ ಸತ್ತು ಬಿದ್ದಿರುವಾಗ, ಕೇಳಲು ಯಾರೂ ಇಲ್ಲದಿರುವಾಗ, ‘ಮ್ಯಾನ್’ ಎಂಬ ಆಜ್ಞೆ ಹೊಡೆದರೆ ಯಂತ್ರವೇ ತನ್ನನ್ನು ವಿವರಿಸುತ್ತದೆ. ವಿವರಣೆ ತಪ್ಪಿದ್ದರೆ ಆ ತಂಡ ಅದನ್ನು ಕೋಡಿನ ದೋಷದಷ್ಟೇ ಗಂಭೀರವಾಗಿ ತಿದ್ದುತ್ತದೆ. ನನ್ನ ಇಂಗ್ಲಿಷ್ ಪಿಯುಸಿಯ ಇಂಗ್ಲಿಷ್. ಆದರೂ ಆ ಪುಟಗಳ ಭಾಷೆ ಎಷ್ಟು ನೇರವಾಗಿತ್ತೆಂದರೆ, ಚಳಿಗಾಲ ಮುಗಿಯುವುದರೊಳಗೆ ಡಿಕ್ಷನರಿ ಬದಿಗಿಟ್ಟು ಓದುತ್ತಿದ್ದೆ. ಅಂಗಡಿಯಲ್ಲಿ ಗಿರಾಕಿ ಇಲ್ಲದ ಮಧ್ಯಾಹ್ನಗಳನ್ನು ನಾನು ಹಾಗೆ ಕಳೆದೆ. ನನ್ನ ಬದುಕಿನ ಒಳ್ಳೆಯ ಓದು ಅದು.

ಪೆನ್‌ಡ್ರೈವಿನ ವಿಷಯಕ್ಕೆ ಬರುತ್ತೇನೆ. ಈ ಯಂತ್ರದಲ್ಲಿ ಪೆನ್‌ಡ್ರೈವ್ ಚುಚ್ಚಿದರೆ ಏನೂ ತಾನಾಗಿ ತೆರೆಯುವುದಿಲ್ಲ, ಏನೂ ತಾನಾಗಿ ಓಡುವುದಿಲ್ಲ. ಯಾವ ಸಾಧನ ಬಂತೆಂದು ಒಂದು ಸಾಲು ಹೇಳಿ ಸುಮ್ಮನಾಗುತ್ತದೆ. ನಾನೇ ಮೌಂಟ್ ಮಾಡಬೇಕು, ಅಂದರೆ ಅದನ್ನು ವ್ಯವಸ್ಥೆಗೆ ಜೋಡಿಸಬೇಕು, ನಾನೇ ಪಟ್ಟಿ ಕೇಳಬೇಕು. ಕೇಳಿದರೆ ಮರೆಮಾಡಿದ ಫೋಲ್ಡರು, ಶಾರ್ಟ್‌ಕಟ್ಟುಗಳು, ಅವುಗಳ ಹಿಂದಿನ ಕಳ್ಳ ಕಡತ ಮೂರೂ ಒಂದೇ ಪಟ್ಟಿಯಲ್ಲಿ ಸಾಲಾಗಿ ನಿಲ್ಲುತ್ತವೆ. ವಿಂಡೋಸಿಗೆ ಬರೆದ ವೈರಸ್ಸು ಇಲ್ಲಿ ಓಡಲಾರದು. ಕಡತದ ಜಾತಿ ಹೇಳುವ ‘ಫೈಲ್’ ಎಂಬ ಆಜ್ಞೆ ಕೊಟ್ಟರೆ, ಚಿತ್ರದ ಹೆಸರಿಟ್ಟುಕೊಂಡದ್ದು ನಿಜವಾಗಿ ವಿಂಡೋಸಿನ ಕಾರ್ಯಕ್ರಮ ಎಂದು ಹೇಳಿಬಿಡುತ್ತದೆ. ಆ ಚಿಕ್ಕ ಆಜ್ಞೆಯನ್ನೂ ಇವರು 2015ರಲ್ಲಿ ಹೊಸದಾಗಿ ಬರೆದರಂತೆ. ಅಪರಿಚಿತ ಕಡತವನ್ನು ಮುಟ್ಟಿ ನೋಡುವ ಭಾಗಕ್ಕೆ ಯಾವ ಅಧಿಕಾರವೂ ಇರಬಾರದೆಂದು, ಅದನ್ನು ಬೇರೆಯಾಗಿ ಕಟ್ಟಿಹಾಕಿ. ಇಷ್ಟು ಸಣ್ಣದರ ಮೇಲೆ ಇಷ್ಟು ಕಾಳಜಿ ಏಕೆಂದು ಹೊರಗಿನವರಿಗೆ ಅನಿಸಬಹುದು. ದಿನಕ್ಕೆಷ್ಟೋ ಅಪರಿಚಿತ ಪೆನ್‌ಡ್ರೈವ್ ಮುಟ್ಟುವ ನನಗೆ ಹಾಗೆ ಅನಿಸಲಿಲ್ಲ.

ಗಿರಾಕಿಗೆ ನಾನು ಪರದೆ ತಿರುಗಿಸಿ ತೋರಿಸತೊಡಗಿದೆ. ಇದು ನಿಮ್ಮ ಫೋಲ್ಡರ್, ಇದು ನಿಮ್ಮದಲ್ಲ, ಅಳಿಸಲೇ? ರಾಮದುರ್ಗದ ಮಾಸ್ತರರೊಬ್ಬರು ಕನ್ನಡಕ ಏರಿಸಿ ಓದಿ, ‘ಇಷ್ಟ ದಿನಾ ಇದನ್ನ ಹೊತಗೊಂಡು ಸಾಲಿಗೆ ಹೋಗತಿದ್ದೆ ಅಲ್ರೀ’ ಎಂದು ಬಹಳ ನೊಂದರು. ಮುಂದಿನ ವಾರ ತಮ್ಮ ಶಾಲೆಯ ಪೆನ್‌ಡ್ರೈವುಗಳನ್ನೆಲ್ಲ ಡಬ್ಬಿಯಲ್ಲಿ ತುಂಬಿಕೊಂಡು ಬಂದರು. ಆ ಕೆಲಸಕ್ಕೆ ನಾನು ರೊಕ್ಕ ತೆಗೆದುಕೊಳ್ಳಲಿಲ್ಲ, ಈಗಲೂ ತೆಗೆದುಕೊಳ್ಳುವುದಿಲ್ಲ.

ಕನ್ನಡದ ಕೆಲಸ ಮಾತ್ರ ಸುಲಭವಾಗಿರಲಿಲ್ಲ, ಮತ್ತು ಇದನ್ನು ಯಾರಾದರೂ ಬರೆದಿಡಬೇಕು. ನನ್ನ ಹತ್ತು ವರ್ಷದ ಕಡತಗಳೆಲ್ಲ ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿದ್ದವು. ಕನ್ನಡ ಗಣಕ ಪರಿಷತ್ತು ಮಾಡಿಕೊಟ್ಟ ನುಡಿ ಇಲ್ಲದಿದ್ದರೆ ನಮ್ಮಂಥವರ ಅಂಗಡಿಗಳೇ ಇರುತ್ತಿರಲಿಲ್ಲ, ಆ ಋಣ ದೊಡ್ಡದು. ಆದರೆ ಹಳೆಯ ನುಡಿ ಕಡತದಲ್ಲಿ ನಿಜವಾಗಿ ಕನ್ನಡ ಅಕ್ಷರ ಇರುವುದಿಲ್ಲ. ಲ್ಯಾಟಿನ್ ಸಂಕೇತಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟು ಅದನ್ನು ಕನ್ನಡವಾಗಿ ತೋರಿಸುತ್ತದೆ. ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ‘ನ’ ಇರಬೇಕಾದಲ್ಲಿ ಬ್ರಿಟನ್ನಿನ ಪೌಂಡ್ ಗುರುತು, ಅದರ ಪಕ್ಕ ತಲೆಯ ಮೇಲೆ ಗೀಟಿರುವ ಎ. ಫಾಂಟನ್ನು ತಂದು ಹಾಕಿದರೆ ಲಿಬ್ರೆ ಆಫೀಸಿನಲ್ಲಿ ಓದಬಹುದು, ಮುದ್ರಿಸಬಹುದು. ತಿದ್ದಬೇಕೆಂದರೆ, ಹುಡುಕಬೇಕೆಂದರೆ ಯುನಿಕೋಡಿಗೆ ಬದಲಿಸಲೇಬೇಕು. ಬದಲಿಸುವಾಗ ಒತ್ತಕ್ಷರ, ಅರ್ಕಾವತ್ತುಗಳು ಅಲ್ಲಲ್ಲಿ ಜಾರುತ್ತವೆ. ವಾಟ್ನಿ ಪತ್ರದಲ್ಲಿ ಹೆಸರಿನ ಒಂದು ಒತ್ತು ಜಾರಿದರೂ ಕಚೇರಿಯಲ್ಲಿ ಕೆಲಸ ಕೆಡುತ್ತದೆ. ಹಾಗಾಗಿ ಬದಲಿಸಿದ ಪ್ರತಿಯೊಂದನ್ನೂ ಹಳೆಯ ಮುದ್ರಿತ ಪ್ರತಿಯ ಪಕ್ಕ ಇಟ್ಟು ಓದಬೇಕು.

ಟೈಪ್ ಮಾಡುವ ಬಗೆ ಹುಡುಕುವಾಗ ನನಗೆ ಸಿಕ್ಕ ಸಂತೋಷ ಹೇಳತೀರದು. ಯುನಿಕ್ಸ್ ಜಾತಿಯ ಬಹಳಷ್ಟು ಯಂತ್ರಗಳಲ್ಲಿ ಕಿಟಕಿ, ಪರದೆ, ಕೀಲಿಮಣೆ ನೋಡಿಕೊಳ್ಳುವ ಎಕ್ಸ್ ವ್ಯವಸ್ಥೆಯಲ್ಲಿ ಜಗತ್ತಿನ ಕೀಲಿಮಣೆಗಳ ಒಂದು ಪಟ್ಟಿ ಇದೆ. ಅದರಲ್ಲಿ ಭಾರತದ 'ಇನ್' ಕಡತದೊಳಗೆ, ಕನ್ನಡದ ಕೆಳಗೆ, ಒಂದು ಬಗೆಯ ಹೆಸರು ‘ಕಗಪ’. ಕನ್ನಡ ಗಣಕ ಪರಿಷತ್ತಿನ ಮೂರು ಅಕ್ಷರ. ಕ್ಯಾಲ್ಗರಿಯಲ್ಲಿ ಕೂಡಿಸಿದ ವ್ಯವಸ್ಥೆಯನ್ನು ಬೈಲಹೊಂಗಲದಲ್ಲಿ ತೆರೆದರೆ ಒಳಗೆ ನನ್ನ ಬೆರಳುಗಳಿಗೆ ಗೊತ್ತಿದ್ದ ಕೀಲಿಗಳು ಮೊದಲೇ ಬಂದು ಕೂತಿದ್ದವು. ಒಂದು ವ್ಯತ್ಯಾಸ ಉಂಟು: ನುಡಿಯಲ್ಲಿ ಹಿಂದಿನ ಅಕ್ಷರ ನೋಡಿ ಸ್ವರ ತಾನೇ ಗುಣಿತವಾಗುತ್ತಿತ್ತು, ಇಲ್ಲಿ ಕೀಲಿಗೆ ಹಿಂದುಮುಂದಿನ ಅರಿವಿಲ್ಲ, ಗುಣಿತದ ಚಿಹ್ನೆಯನ್ನು ಬೇರೆಯಾಗಿ ಒತ್ತಬೇಕು. ಕೈ ಪಳಗಲು ತಡವಾಗಲಿಲ್ಲ. ಆಜ್ಞೆ ಕೊಡುವ ಟರ್ಮಿನಲ್ಲಿನಲ್ಲಿ ಮಾತ್ರ ಕನ್ನಡ ಅಕ್ಷರಗಳು ಕೂಡಿಕೊಳ್ಳದೆ ಬಿಡಿಬಿಡಿಯಾಗಿ ನಿಲ್ಲುತ್ತಿದ್ದವು. ಈ ಕೊರತೆ ನನಗೆ ಈಗಲೂ ನೋವು ಕೊಡುತ್ತದೆ. ಭದ್ರತೆಯ ಬಗ್ಗೆ ಇಷ್ಟು ಯೋಚಿಸಿದವರ ನಡುವೆ ನಮ್ಮ ಭಾಷೆಯವರೊಬ್ಬರು ಕೂತು ಆ ಕೆಲಸ ಮಾಡಬೇಕಿದೆ.

ದಿನದ ಲೆಕ್ಕದ ಮಾತು ಹೇಳಬೇಕು. ಈ ವ್ಯವಸ್ಥೆ ರಾತ್ರಿ ಒಂದೂವರೆಗೆ ಎದ್ದು ತನ್ನನ್ನು ತಾನೇ ಪರೀಕ್ಷಿಸಿ ಮಾಲೀಕರ ಅಂಚೆಪೆಟ್ಟಿಗೆಗೆ ವರದಿ ಹಾಕುವಂತೆ ಮಾಡಿದ್ದಾರೆ. ನನ್ನ ಅಂಗಡಿ ರಾತ್ರಿ ಬಂದ್ ಆಗಿರುತ್ತದೆ. ಆ ಹೊತ್ತನ್ನು ಮಧ್ಯಾಹ್ನಕ್ಕೆ ಬದಲಿಸಿದೆ. ಬದಲಿಸಿ ಮರೆತೆ. ಮುಂದೆ ಬಂದ ವರದಿಯಲ್ಲಿ ಅದೇ ಬದಲಾವಣೆ ಇತ್ತು: ಹಳೆಯ ಸಾಲು ಕಳೆಯುವ ಚಿಹ್ನೆಯೊಂದಿಗೆ, ಹೊಸ ಸಾಲು ಕೂಡಿಸುವ ಚಿಹ್ನೆಯೊಂದಿಗೆ. ನಾನೇ ಮಾಡಿದ ಬದಲಾವಣೆಯನ್ನು ನನಗೇ ಒಪ್ಪಿಸಿತ್ತು. ಇನ್ನು ಬೇರೆ ಯಾರಾದರೂ, ಬೇರೆ ಏನಾದರೂ ಬಂದು ಮುಖ್ಯ ಕಡತಗಳಲ್ಲಿ ಒಂದು ಸಾಲು ಬದಲಿಸಿದರೂ ಅದು ಹೀಗೇ ಬಂದು ಹೇಳುತ್ತದೆ. ಅಪ್ಪ ಆಗ ಇದ್ದರು, ಎಂಬತ್ತು ದಾಟಿದ್ದರು. ಆ ಹಾಳೆಯನ್ನು ಮುದ್ರಿಸಿ ಓದಿ ತೋರಿಸಿದೆ. ‘ಕೆರದಿಲ್ಲಲ್ಲ?’ ಎಂದರು. ಇಲ್ಲ ಎಂದೆ. ‘ಹಂಗಾದರ ಚಲೋ ಐತಿ’ ಎಂದರು.

ಅವರಿಗೆ ಹೇಳಲಾಗದೆ ಹೋದ ಇನ್ನೂ ಒಳಗಿನ ವಿಚಾರಗಳಿವೆ. ಪ್ಲೆಡ್ಜ್ ಎಂಬುದು 2016ರ 5.9ರಲ್ಲಿ ಬಂದದ್ದು: ಅದನ್ನು ಬಳಸುವ ಕಾರ್ಯಕ್ರಮ ಶುರುವಿನಲ್ಲೇ ತಾನು ಇಂತಿಂಥ ಕೆಲಸ ಮಾತ್ರ ಮಾಡುವೆನೆಂದು ಕರ್ನೆಲ್ಲಿಗೆ ತಿಳಿಸುತ್ತದೆ, ಆಮೇಲೆ ಮೀರಿದರೆ ಕರ್ನೆಲ್ ಅದನ್ನು ನಿಂತ ಕಾಲಲ್ಲಿ ಕೊಲ್ಲುತ್ತದೆ. ನಾನು ಹಾಕಿದ 6.4ರಲ್ಲಿ ಅನ್‌ವೀಲ್ ಬಂತು: ಕಾರ್ಯಕ್ರಮಕ್ಕೆ ಬೇಕಾದ ಫೋಲ್ಡರುಗಳಷ್ಟೇ ಕಾಣುತ್ತವೆ, ಉಳಿದ ಡಿಸ್ಕು ಅದರ ಪಾಲಿಗೆ ಇಲ್ಲವೇ ಇಲ್ಲ. ಮುಂದಿನ ಆವೃತ್ತಿಗಳಲ್ಲಿ ಬ್ರೌಸರುಗಳಿಗೂ ಈ ಕಟ್ಟು ಬಂತು. ಅರ್ಜಿಗೆ ಫೋಟೋ ಏರಿಸಲು ಹೋದರೆ ಬ್ರೌಸರಿಗೆ ಡೌನ್‌ಲೋಡ್ಸ್ ಫೋಲ್ಡರ್ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಯಾವ ಗಿರಾಕಿಯ ಕೆಲಸ ನಡೆದಿದೆಯೋ ಅವರ ಕಾಗದ ಮಾತ್ರ ಅಲ್ಲಿಗೆ ತರಬೇಕು, ಕೆಲಸ ಮುಗಿದ ಕೂಡಲೇ ತೆಗೆಯಬೇಕು. ಉಳಿದವರ ಉತಾರ, ಆಧಾರ್ ಬ್ರೌಸರಿನ ಕಣ್ಣಿಗೇ ಬೀಳುವುದಿಲ್ಲ. ದೊಡವಾಡದ ಹೆಣ್ಣುಮಗಳಿಗೆ ಕೊಡಬೇಕಾಗಿದ್ದ ಉತ್ತರ ಇದು. ಅವಳು ಮತ್ತೆ ಅಂಗಡಿಗೆ ಬರಲಿಲ್ಲ.

ಆಗದ ಕೆಲಸಗಳೂ ಇದ್ದವು. ನನ್ನ ಚಿಕ್ಕ ಲೇಸರ್ ಪ್ರಿಂಟರಿಗೆ ಇದರಲ್ಲಿ ಡ್ರೈವರ್ ಸಿಗಲಿಲ್ಲ, ಬೇರೆ ಪ್ರಿಂಟರ್ ಕೊಳ್ಳಬೇಕಾಯಿತು. ಹೆಬ್ಬೆಟ್ಟಿನ ಸಾಧನ, ಡಿಜಿಟಲ್ ಸಹಿಯ ಟೋಕನ್ ಯಾವುದೂ ನಡೆಯಲಿಲ್ಲ. ಅವಕ್ಕೆಂದೇ ಇನ್ನೊಂದು ವಿಂಡೋಸ್ ಯಂತ್ರ ಇಟ್ಟೆ, ಅದರಲ್ಲಿ ಯಾರ ಕಾಗದವನ್ನೂ ಉಳಿಸದೆ. ಕರೆಂಟ್ ತಟ್ಟನೆ ಹೋದರೆ ಈ ವ್ಯವಸ್ಥೆಯ ಕಡತಕೋಶ ಮತ್ತೆ ಏಳುವಾಗ ಇಡೀ ಡಿಸ್ಕನ್ನು ತಪಾಸಿಸುತ್ತದೆ, ಅದಕ್ಕೆ ಹೊತ್ತು ಹಿಡಿಯುತ್ತದೆ. ಬೇಸಿಗೆಯ ಬೈಲಹೊಂಗಲದಲ್ಲಿ ಇದು ಸಣ್ಣ ಮಾತಲ್ಲ. ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿಸಿದೆ.

2019ರ ಆಗಸ್ಟ್‌ನಲ್ಲಿ ಮಲಪ್ರಭೆ ತುಂಬಿ ಬಂದಳು. ನವಿಲುತೀರ್ಥದ ಅಣೆಕಟ್ಟಿನಿಂದ ಬಿಟ್ಟ ನೀರು ರಾಮದುರ್ಗದ ನದಿಯ ಬದಿಯ ಓಣಿಗಳಿಗೆ ನುಗ್ಗಿತು. ಅತ್ತೆಯ ಮನೆಯಲ್ಲಿ ಮಗ್ಗದ ಕುಣಿ ತುಂಬಿ, ಹಾಸು ಹೊಕ್ಕು ಎಲ್ಲ ಕೆಸರಾಗಿ, ಟ್ರಂಕಿನಲ್ಲಿದ್ದ ಕಾಗದಪತ್ರ ಮುದ್ದೆಯಾದವು. ಪರಿಹಾರದ ಅರ್ಜಿಗೆ ಮನೆಯ ಉತಾರ ಬೇಕು, ಪಾಸ್‌ಬುಕ್ಕು ಬೇಕು, ನೇಕಾರರ ಗುರುತಿನ ಚೀಟಿ ಬೇಕು. ನಾನು ಅಲ್ಲಿಯವರೆಗೆ ಭದ್ರತೆ ಎಂದರೆ ಅಳಿಸುವುದು, ಮುಚ್ಚುವುದು ಎಂದೇ ತಿಳಿದಿದ್ದೆ. ಕಾಗದ ಕಳೆದುಕೊಂಡವರ ಮುಂದೆ ನಿಂತಾಗ, ಬೇಕಾದ ಹೊತ್ತಿಗೆ ಕೈಗೆ ಸಿಗುವುದೂ ಅದರ ಅರ್ಧ ಭಾಗ ಎಂದು ತಿಳಿಯಿತು.

ಅದೃಷ್ಟಕ್ಕೆ ಸೋದರ ಅದೇ ವರ್ಷ ಯುಗಾದಿಗೆ ಬಂದಾಗ ಡಿಸ್ಕಿನ ಒಂದು ಭಾಗವನ್ನು ಬಯೋಸಿಟಿಎಲ್ ಆಜ್ಞೆಯಿಂದ ಗೂಢಲಿಪಿಗೆ ಹಾಕಿ, ಮನೆಯವರೆಲ್ಲರ ಕಾಗದ ಸ್ಕ್ಯಾನ್ ಮಾಡಿ ಅದರಲ್ಲಿಟ್ಟಿದ್ದ. ಗುಪ್ತಪದ ಹೊಡೆದರಷ್ಟೇ ಆ ಭಾಗ ತೆರೆಯುತ್ತದೆ. ಯಂತ್ರ ಕದ್ದೊಯ್ದರೂ ಕಳ್ಳನಿಗೆ ಸಿಗುವುದು ಅರ್ಥವಿಲ್ಲದ ಬೈಟುಗಳು. ಗುಪ್ತಪದ ಮರೆತರೆ ನಮಗೂ ಅಷ್ಟೇ. ಅದರಿಂದ ಅತ್ತೆಯ ಕಾಗದಗಳನ್ನು ಮುದ್ರಿಸಿಕೊಂಡು ರಸ್ತೆ ತೆರೆದ ದಿನವೇ ರಾಮದುರ್ಗಕ್ಕೆ ಹೋದೆ. ಅತ್ತೆ ಒಲೆಯಿಲ್ಲದ ಮನೆಯ ಕಟ್ಟೆಯ ಮೇಲೆ ಕೂತಿದ್ದಳು. ಕಾಗದ ನೋಡಿ, ‘ನಮ್ಮ ಓಣ್ಯಾಗ ಮಂದೀದೂ ಹಿಂಗ ಇಟ್ಟಿದ್ದಿ ಏನವ್ವಾ?’ ಎಂದಳು. ಇಟ್ಟಿರಲಿಲ್ಲ.

ಅಂದಿನಿಂದ ಅಂಗಡಿಯ ಪದ್ಧತಿ ಬದಲಾಯಿತು. ಗಿರಾಕಿಗೆ ಮೊದಲೇ ಕೇಳುತ್ತೇನೆ: ಇಡಲೋ, ಅಳಿಸಲೋ? ಅಳಿಸು ಎಂದರೆ ಅವರ ಎದುರಿಗೇ, ಮೇಲೆ ಬೇರೆ ಬರೆದು ಅಳಿಸುವ ಆಜ್ಞೆಯಿಂದ ಅಳಿಸುತ್ತೇನೆ. ಇಡು ಎಂದರೆ ಒಂದು ನೋಟುಬುಕ್ಕಿನಲ್ಲಿ ತಾರೀಖು, ಕಾಗದದ ವಿವರ, ಅವರ ಸಹಿ ಅಥವಾ ಹೆಬ್ಬೆಟ್ಟು. ಕಾಗದ ಗೂಢಲಿಪಿಯ ಭಾಗಕ್ಕೆ. ಅದರ ನಕಲು ಇನ್ನೊಂದು ಡಿಸ್ಕಿನಲ್ಲಿ, ಬೇರೆ ಊರಿನಲ್ಲಿ. ಬಹಳ ಜನ ಇಡು ಎನ್ನುತ್ತಾರೆ. ಹೆಂಗಸರು ಹೆಚ್ಚಾಗಿ ಇಡು ಎನ್ನುತ್ತಾರೆ. ಮನೆಯಲ್ಲಿ ತಮ್ಮ ಕಾಗದಕ್ಕೆ ತಮ್ಮದೇ ಆದ ಜಾಗವಿಲ್ಲದವರು.

ಆರು ತಿಂಗಳಿಗೊಮ್ಮೆ ಓಪನ್‌ಬಿಎಸ್‌ಡಿಯ ಹೊಸ ಆವೃತ್ತಿ ಬರುತ್ತದೆ. ತೀರ ಈಚಿನ ಎರಡಕ್ಕಷ್ಟೇ ತಿದ್ದುಪಡಿ ಸಿಗುವುದರಿಂದ ವರ್ಷದೊಳಗೆ ಏರಲೇಬೇಕು. 2019ರ 6.6ರಿಂದ ಅದು ಒಂದೇ ಆಜ್ಞೆಯ ಕೆಲಸವಾಗಿದೆ. ಹಳೆಯ ಯಂತ್ರದ ಮದರ್‌ಬೋರ್ಡು ಕೋವಿಡ್ ಕಾಲದಲ್ಲಿ ಸುಟ್ಟಿತು. ಡಿಸ್ಕನ್ನು ಕಳಚಿ ಯಾರೋ ಬೇಡವೆಂದು ಕೊಟ್ಟ ಇನ್ನೊಂದು ಹಳೆಯ ಯಂತ್ರಕ್ಕೆ ಹಾಕಿದೆ. ನೀಲಿಯ ಮೇಲೆ ಬಿಳಿಯಲ್ಲಿ ಹೊಸ ಪ್ರೊಸೆಸರಿನ ಹೆಸರು ಹೇಳಿ ಎದ್ದು ನಿಂತಿತು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೂ ಉಚಿತ ತಿದ್ದುಪಡಿ ನಿಂತ ಮೇಲೆ ಬಜಾರದ ಅಂಗಡಿಯವರು ಮತ್ತೆ ಕೇಳಲು ಬರುತ್ತಿದ್ದಾರೆ. ಅಣ್ಣನ ಮಗ ಸವದತ್ತಿಯಲ್ಲಿ, ಎಲ್ಲಮ್ಮನ ಗುಡ್ಡಕ್ಕೆ ಹೋಗುವ ರಸ್ತೆಯಲ್ಲಿ ಸ್ವಂತ ಅಂಗಡಿ ಹಾಕುತ್ತಿದ್ದಾನೆ. ಹುಣ್ಣಿಮೆಗೆ ಲಕ್ಷಗಟ್ಟಲೆ ಜನ ಬರುವ ಜಾಗ. ಮೂರು ರಾಜ್ಯದ ಪೆನ್‌ಡ್ರೈವುಗಳು ಬಂದು ಬೀಳುತ್ತವೆ. ಅವನಿಗೆ ನಾನು ಒಂದೇ ಯಂತ್ರಕ್ಕೆ ಎಲ್ಲ ಕೆಲಸ ಹಚ್ಚಬೇಡ ಎಂದೆ. ಹೆಬ್ಬೆಟ್ಟಿನದಕ್ಕೆ ಒಂದು, ಜನರ ಕಾಗದಕ್ಕೆ ಒಂದು, ಕಾಗದದ್ದಕ್ಕೆ ಓಪನ್‌ಬಿಎಸ್‌ಡಿ ಹಾಕು ಎಂದೆ. ಅವನು ಮೊದಲು ಪ್ರಿಂಟರಿನ ಮಾದರಿ ಹೇಳು ಅತ್ತೀ, ಡ್ರೈವರ್ ಸಿಗತದೋ ಇಲ್ಲೋ ನೋಡಿ ಆಮ್ಯಾಲ ಕೊಳ್ಳತೀನಿ ಎಂದ. ಅದೇ ಸರಿಯಾದ ಕ್ರಮ. ಮಾದರಿಗಳ ಪಟ್ಟಿ ಬರೆದು ಕೊಟ್ಟಿದ್ದೇನೆ, ಮುಂದಿನ ಭಾನುವಾರ ಇಬ್ಬರೂ ಹುಬ್ಬಳ್ಳಿಗೆ ಹೋಗುತ್ತೇವೆ.